ಚೀಲದೊಳಗಿನ ಶಿಳ್ಳೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮೂವತ್ತೊಂದು ವರ್ಷದಿಂದ ಆಸ್ಪತ್ರೆಯಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಿದ್ದೇನೆ. ಬೆನ್ನ ಹಿಂದೆ ನನ್ನನ್ನು ಗುಡುಗಮ್ಮ ಎನ್ನುತ್ತಾರೆ, ಅದೂ ಗೊತ್ತು. ಎನ್ನಲಿ. ಕಿವಿ ಕೇಳದ ಮಕ್ಕಳ ನಡುವೆ ಅರ್ಧ ಆಯಸ್ಸು ಕಳೆದವಳ ದನಿ ದೊಡ್ಡದಾಗದೆ ಇನ್ನೇನಾಗುತ್ತದೆ?

ಈಚೆಗೆ ನನ್ನ ಸಿಟ್ಟಿಗೆ ಹೊಸದೊಂದು ಕಾರಣ ಸಿಕ್ಕಿತ್ತು. ಜನ ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದರು. ಹೊರಗೆ ಕೂತು ಚೀಟಿ ಕೊಡುವವನು ಬಾಯಲ್ಲಿ ಬಟ್ಟೆ ತುರುಕಿಕೊಂಡವನಂತೆ ಹೆಸರು ಕೂಗುತ್ತಿದ್ದ. ಮನೆಯಲ್ಲಿ ನಮ್ಮನೆಯವರು ಪೇಪರಿನ ಹಿಂದೆ ಮುಖ ಬಚ್ಚಿಟ್ಟುಕೊಂಡು ಏನೋ ಗೊಣಗುತ್ತಿದ್ದರು. "ಏನ್ರೀ ಅದು, ಸರಿಯಾಗಿ ಹೇಳಬಾರದಾ?" ಎಂದು ರೇಗಿದರೆ, ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ಹಾಕಿ ಬರುತ್ತಿದ್ದರು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅದು ಬೀಪ್ ಬೀಪ್ ಅನ್ನುತ್ತದಂತೆ. ಹೊಸ ಫ್ರಿಜ್ಜು, ಅದಕ್ಕೇನು ಕಾಯಿಲೆಯೋ ಎಂದುಕೊಂಡು ಸುಮ್ಮನಿದ್ದೆ.

ಗುಂಡಿಯ ಪರೀಕ್ಷೆ ನಡೆದದ್ದು ಅಂಥ ಒಂದು ಬೆಳಗ್ಗೆ.

ಗುಂಡಿ ಎಂದರೆ ಎರಡು ವರ್ಷ ತುಂಬಲು ಇನ್ನೂ ಎರಡು ತಿಂಗಳಿದ್ದ ಹೆಣ್ಣು ಕೂಸು. ಅವಳಮ್ಮ ಟೈಲರ್. ಮಗಳ ಕಣ್ಣು ಕೋಟಿನ ಗುಂಡಿಯಷ್ಟು ದುಂಡಗಿವೆ ಎಂದು ಆ ಅಡ್ಡಹೆಸರು ಇಟ್ಟವಳೂ ಅವಳೇ. ಹುಟ್ಟಿನಿಂದಲೇ ಕಿವಿ ಮಂದ ಎಂದು ಗೊತ್ತಾಗಿ, ಹತ್ತನೇ ತಿಂಗಳಲ್ಲಿ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿದವಳು ನಾನೇ. ಆ ದಿನ ಟೈಲರಮ್ಮನಿಗೆ ಗಟ್ಟಿಯಾಗಿ ಹೇಳಿದ್ದೆ. "ಮಿಷನ್ ಹಾಕಿ ಸುಮ್ಮನೆ ಕೂತ್ರೆ ಆಗಲ್ಲ. ಮಾತಾಡ್ಬೇಕು. ಬೆಳಗ್ಗೆ ಕಣ್ಣು ಬಿಟ್ಟಾಗಿಂದ ಮಾತಾಡ್ಬೇಕು. ಹುಚ್ಚಿ ಅಂತ ಜನ ಅಂದ್ರೆ ಅನ್ನಲಿ."

ಆಕೆ ಅದನ್ನು ಅಕ್ಷರಶಃ ಪಾಲಿಸಿದಳು. ಅಂಗಡಿಯಲ್ಲಿ ಹೊಲಿಯುತ್ತ ಕೂತಾಗಲೂ ಬಾಯಿಗೆ ಬಿಡುವಿರಲಿಲ್ಲ. "ಗುಂಡಿ, ಈಗ ಸೂಜಿಗೆ ದಾರ ಹಾಕ್ತೀನಿ. ಈಗ ಕತ್ತರಿ ತಗೋತೀನಿ. ಇದು ತೋಳು, ಇದು ಜೇಬು, ಈ ಜೇಬಲ್ಲಿ ಏನಿಡೋಣ?" ಗಿರಾಕಿಗಳು ನಗುತ್ತಿದ್ದರಂತೆ. ಅಜ್ಜಿ, ಅಂದರೆ ಟೈಲರಮ್ಮನ ಅತ್ತೆ, ಇದನ್ನೆಲ್ಲ ನನಗೆ ವರದಿ ಒಪ್ಪಿಸುತ್ತಿದ್ದರು. "ಮದುವೆಯಾಗಿ ಬಂದಾಗ ಇವಳ ಬಾಯಿಂದ ಒಂದು ಮಾತು ಹೊರಡಿಸೋಕೆ ಒದ್ದಾಡ್ತಿದ್ವಿ ತಾಯಿ. ಈಗ ನೋಡಿ, ರೇಡಿಯೋ!"

ಮಿಷನ್ ಹಾಕಿ ಹನ್ನೆರಡು ತಿಂಗಳಾದರೂ ಗುಂಡಿಯ ಬಾಯಿಂದ "ಮಮ್ಮ", "ಬೂ" ಬಿಟ್ಟು ಬೇರೇನೂ ಬರಲಿಲ್ಲ. ಆಪರೇಷನ್ ಡಾಕ್ಟರು ನನ್ನನ್ನು ಕರೆದು ಹೇಳಿದರು, "ಮೇಡಂ, ಮಿದುಳಿಗೆ ಸದ್ದು ಮುಟ್ತಿದೆಯಾ ನೋಡಿಬಿಡಿ. ಮುಟ್ಟಿದ್ರೆ ಮಿಷನ್ನಲ್ಲೇ ಮುಂದುವರಿಸೋಣ. ಇಲ್ಲದಿದ್ರೆ ಆಪರೇಷನ್, ತಡ ಮಾಡೋದು ಬೇಡ."

ಆಪರೇಷನ್ ಕೆಟ್ಟದ್ದಲ್ಲ. ತಲೆಯೊಳಗೆ ಯಂತ್ರ ಇಡಿಸಿಕೊಂಡು ಗಿಣಿಯಂತೆ ಮಾತು ಕಲಿತ ಎಷ್ಟೋ ಮಕ್ಕಳನ್ನು ಎತ್ತಿ ಮುದ್ದಾಡಿದ್ದೇನೆ. ಆದರೆ ಅದರ ಅಗತ್ಯವಿಲ್ಲದ ಮಗುವಿಗೆ ಮಾಡಿದರೆ, ಅದರ ಸ್ವಂತ ಕಿವಿಯಲ್ಲಿ ಉಳಿದಿರುವ ಕೇಳ್ಮೆಯೂ ಹೋಗಬಹುದು. ಹೋದದ್ದು ವಾಪಸು ಬರುವುದಿಲ್ಲ. ಅದಕ್ಕೇ ಈ ಪರೀಕ್ಷೆ.

ದೊಡ್ಡವರಾದರೆ ಕೇಳಿಸಿತು, ಇಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಇಷ್ಟು ಚಿಕ್ಕ ಕೂಸು ಏನು ಹೇಳೀತು? ಹಾಗಾಗಿ ಕೂಸನ್ನು ಬಿಟ್ಟು ಅದರ ಮಿದುಳನ್ನೇ ಕೇಳುತ್ತೇವೆ. ನೆತ್ತಿಗೊಂದು, ಹಣೆಗೊಂದು, ಕಿವಿಯ ಹಿಂದೊಂದು ವೈರು ಅಂಟಿಸುತ್ತೇವೆ. ಮಗು ಶ್ರವಣ ಸಾಧನ ಹಾಕಿಕೊಂಡು, ಅಮ್ಮನ ತೊಡೆಯ ಮೇಲೆ, ಎಚ್ಚರವಾಗಿ, ಅಳದೆ ಕೂರಬೇಕು. ಎದುರಿನ ಸ್ಪೀಕರಿನಿಂದ "ಮ್" ಎಂಬ ದಪ್ಪ ಸದ್ದು, "ಸ್" ಎಂಬ ತೆಳ್ಳನೆಯ ಸದ್ದು, ನಡುವಿನದೊಂದು "ಗ್", ಒಂದೊಂದೂ ನೂರು ಸಲ, ನೂರೈವತ್ತು ಸಲ ಬರುತ್ತದೆ. ಒಂದು ಸಲದ ಉತ್ತರ ಕಣ್ಣಿಗೆ ಕಾಣುವುದಿಲ್ಲ. ಮಗು ಕಣ್ಣು ಮಿಟುಕಿಸಿದ್ದು, ಚೀಪಿದ್ದು, ಕತ್ತು ಆಡಿಸಿದ್ದು, ಈ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ನೂರನ್ನೂ ಒಟ್ಟು ಹಾಕಿ ಸರಾಸರಿ ತೆಗೆದಾಗ ಗದ್ದಲ ಇಳಿದು, ಪರದೆಯ ಮೇಲೆ ಸಣ್ಣ ದಿಬ್ಬದಂಥ ಒಂದು ಅಲೆ ಮೇಲೇಳುತ್ತದೆ. ಸದ್ದು ಮಿದುಳಿಗೆ ಮುಟ್ಟಿದೆ ಎಂದು ಅದರ ಅರ್ಥ.

ಇದಕ್ಕೆಲ್ಲ ಮೊದಲು ನನ್ನದೊಂದು ಪದ್ಧತಿ ಇದೆ. ಮಗುವಿನ ಶ್ರವಣ ಸಾಧನವನ್ನು ಡಾಕ್ಟರ ಸ್ಟೆತಾಸ್ಕೋಪಿನಂಥ ಒಂದು ಕೊಳವೆಗೆ ಸಿಕ್ಕಿಸಿ, ನನ್ನ ಕಿವಿಗಿಟ್ಟು, ಅದರ ಮುಂದೆ "ಮ್, ಗ್, ಸ್" ಎಂದು ಹೇಳಿ ನಾನೇ ಕೇಳುತ್ತೇನೆ. ಸರಿಯಿದ್ದರೆ ಮಾತ್ರ ಪರೀಕ್ಷೆ. ಸಾಧನಗಳನ್ನು ಅಳೆಯುವ ಪೆಟ್ಟಿಗೆಯೊಂದು ನಮ್ಮಲ್ಲಿತ್ತು. ಅದು ಕೆಟ್ಟು ರಿಪೇರಿಗೆ ಹೋಗಿ ಆಗಲೇ ಐದು ವಾರ ಕಳೆದಿತ್ತು. "ಪೆಟ್ಟಿಗೆ ಬರೋ ತನಕ ಕಾಯೋಣವೇ?" ಎಂದು ಡಾಕ್ಟರು ಕೇಳಿದಾಗ, "ಪೆಟ್ಟಿಗೆ ಬರೋಕೆ ಇಪ್ಪತ್ತು ವರ್ಷ ಮುಂಚೆಯಿಂದ ನನ್ನ ಕಿವಿ ಇಲ್ಲಿದೆ" ಎಂದು ಬಾಯಿ ಮುಚ್ಚಿಸಿದ್ದೆ. ಎಂಥ ಜಂಬ ನೋಡಿ!

ಅವತ್ತೂ ಕೇಳಿದೆ. ಸರಿಯಿದೆ ಎಂದೆ. ಗುಂಡಿಯ ನೆತ್ತಿ ಉಜ್ಜಿ ವೈರು ಅಂಟಿಸುವಾಗ ಕಿವಿಯ ಹಿಂದಿನಿಂದ ಪೌಡರಿನ ಘಮ ಬಂತು. ಸದ್ದಿಲ್ಲದ ಕಾರ್ಟೂನು ನೋಡುತ್ತ ಕೂಸು ದೊಡ್ಡ ಮನುಷ್ಯರಂತೆ ಕೂತಿತ್ತು. "ಮ್" ಎಂಬುದಕ್ಕೆ ಚೆಂದದ ಅಲೆ ಬಂತು. "ಗ್" ಎಂಬುದಕ್ಕೆ ಇದೆಯೋ ಇಲ್ಲವೋ ಎನ್ನುವಷ್ಟು. "ಸ್" ಎಂಬುದಕ್ಕೆ ಏನೂ ಇಲ್ಲ, ಎರಡೂ ಕಿವಿಗೆ, ನೂರೈವತ್ತು ಸಲವಾದ ಮೇಲೂ ಗೆರೆ ಮಲಗಿಯೇ ಇತ್ತು.

ಟೈಲರಮ್ಮ ಪರದೆಯನ್ನೇ ನೋಡುತ್ತಿದ್ದಳು. ಆಕೆಗೆ ಅದರ ಭಾಷೆ ಬಾರದಿದ್ದರೂ ನನ್ನ ಮುಖದ ಭಾಷೆ ಬರುತ್ತಿತ್ತು.

"ಹಾಗಾದ್ರೆ ಒಂದು ವರ್ಷದಿಂದ ನಾನು ಮಾತಾಡಿದ್ದು?" ಎಂದಳು.

"ದಪ್ಪ ಸದ್ದು ಹೋಗಿದೆ. ತೆಳ್ಳಗಿನ ಸದ್ದು ಹೋಗಿಲ್ಲ. ಮಾತು ಬಿಡಿಸಿ ತಿಳ್ಕೊಳ್ಳೋಕೆ ತೆಳ್ಳಗಿನದೇ ಬೇಕು," ಎಂದೆ.

"ಅಂದ್ರೆ ಗೋಡೆ ಜೊತೆ ಮಾತಾಡಿದ ಹಾಗೆ."

ಹಾಗೇನಿಲ್ಲ ಎನ್ನಬೇಕಿತ್ತು. ಆದರೆ ಸಂಕಟವಾದಾಗ ನನ್ನ ದನಿ ಇನ್ನೂ ಒರಟಾಗುತ್ತದೆ, ಅದೊಂದು ಶನಿ. "ಇದ್ದದ್ದನ್ನ ಇದ್ದ ಹಾಗೆ ಹೇಳೋದು ನನ್ನ ಕೆಲಸ," ಎಂದು ವರದಿ ಬರೆದು ಕೊಟ್ಟೆ. ಡಾಕ್ಟರು ಮೂರು ವಾರಕ್ಕೆ ಆಪರೇಷನ್ ಗೊತ್ತು ಮಾಡಿದರು.

ಒಂದು ವಾರದ ಮೇಲೆ ಅಜ್ಜಿ ಒಬ್ಬರೇ ಬಂದರು. ಕಿವಿಯೊಳಗೆ ಕೂರುವ ಕಿವಿಯಚ್ಚಿನ ಕೊಳವೆ ಗಟ್ಟಿಯಾಗಿದೆ, ಬದಲಿಸಿ ಕೊಡಿ ಎಂದು ಎರಡೂ ಸಾಧನಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮಾತಿನ ಮಲ್ಲಿಯಾದ ಅಜ್ಜಿ ಅವತ್ತು ಸಪ್ಪಗಿದ್ದರು.

"ಯಾಕೆ ಅಜ್ಜಿ, ರೇಡಿಯೋ ಹೇಗಿದೆ?" ಎಂದೆ.

"ರೇಡಿಯೋ ನಿಂತು ಹೋಯ್ತು ತಾಯಿ. ಇಲ್ಲಿಂದ ಹೋದ ದಿನದಿಂದ ಸೊಸೆ ತುಟಿ ಬಿಚ್ಚಿಲ್ಲ. ಕೂಸು ಹೋಗಿ ಅವಳ ಮೊಣಕಾಲು ತಟ್ಟತ್ತೆ, ಮುಖ ನೋಡತ್ತೆ. ಇವಳು ಎತ್ಕೋತಾಳೆ, ಊಟ ಮಾಡಿಸ್ತಾಳೆ, ಎಲ್ಲಾ ಮಾಡ್ತಾಳೆ. ಮಾತು ಮಾತ್ರ ಇಲ್ಲ. ಆಪರೇಷನ್ ಆಗ್ಲಿ, ಆಮೇಲೆ ಮಾತಾಡ್ತೀನಿ ಅತ್ತೆ, ಈಗ ಯಾರಿಗೆ ಅಂತ ಮಾತಾಡ್ಲಿ ಅಂತಾಳೆ."

ತಲೆ ತಗ್ಗಿಸಿ ಕೊಳವೆ ಬದಲಿಸಿದೆ. ಸಾಧನವನ್ನು ಬೆಳಕಿಗೆ ಹಿಡಿದು ನೋಡಿದರೆ, ಸದ್ದು ಒಳಗೆ ಹೋಗುವ ಮೈಕಿನ ಸಣ್ಣ ತೂತುಗಳಲ್ಲಿ ಬಿಳೀ ಪುಡಿ ಗಚ್ಚಾಗಿ ಕೂತಿತ್ತು. ಇನ್ನೊಂದರಲ್ಲೂ ಅದೇ.

"ಏನಿದು? ಪೌಡರಾ?"

"ಕಿವಿ ಹಿಂದೆ ಬೆವತು ಕೆಂಪಗಾಗಿತ್ತು ತಾಯಿ. ಮಿಷನ್ ತಾಗಿ ಉರೀತದೇನೋ ಅಂತ ದಿನಾ ಎರಡು ಸಲ ಮೆತ್ತಿದೆ. ಈಗ ಚರ್ಮ ಎಷ್ಟು ಚೆನ್ನಾಗಿದೆ ನೋಡ್ಬೇಕು ನೀವು."

"ಅಜ್ಜಿ, ಇದು ಮಿಷನ್ನು, ಮುಖ ಅಲ್ಲ ಪೌಡರ್ ಬಳಿಯೋಕೆ!" ಎಂದು ಗುಡುಗಿದೆ. ಗುಡುಗಿದರೂ ತಲೆಗೆ ಏನೂ ಹೊಳೆಯಲಿಲ್ಲ. ಪರೀಕ್ಷೆಯ ದಿನ ನಾನೇ ಕಿವಿಯಾರೆ ಕೇಳಿದ್ದೆನಲ್ಲ, ಈ ಪುಡಿ ಆಮೇಲೆ ತುಂಬಿದ್ದಿರಬೇಕು ಎಂದುಕೊಂಡು, ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊಡೆದು, ತೂತು ಬಿಡಿಸಿ ಕೊಟ್ಟೆ. ಅಜ್ಜಿ ಡಬ್ಬಿಗೆ ಹಾಕಿ, ಬಟ್ಟೆಯ ಚೀಲದಲ್ಲಿಟ್ಟುಕೊಂಡು ಎದ್ದರು.

ಬಾಗಿಲ ತನಕ ಹೋದವರು ತಟ್ಟನೆ ನಿಂತು ಚೀಲ ನೋಡಿಕೊಂಡರು. ಮುಖ ಅರಳಿತು.

"ಓ, ಮತ್ತೆ ಶಿಳ್ಳೆ ಶುರುವಾಯ್ತು! ಇದರ ಶಿಳ್ಳೆ ನಿಂತು ತಿಂಗಳಾಗಿತ್ತು ತಾಯಿ. ಮುಂಚೆ ಡಬ್ಬೀಲಿಟ್ರೆ ಸಾಕು, ಕುಯ್ಯೋ ಅಂತ ಪ್ರಾಣ ತಿನ್ತಿತ್ತು."

ಚಾಲೂ ಇರುವ ಸಾಧನವನ್ನು ಮುಚ್ಚಿದ ಜಾಗದಲ್ಲಿಟ್ಟರೆ ಅದು ಶಿಳ್ಳೆ ಹಾಕುತ್ತದೆ. ಅದರಿಂದ ಹೊರಟ ಸದ್ದು ಅದರ ಮೈಕಿಗೇ ಮರಳಿ ಹೋಗಿ ಕೂಗುತ್ತದೆ. ಇದನ್ನು ನಾನೇ ಸಾವಿರ ತಾಯಂದಿರಿಗೆ ಪಾಠ ಮಾಡಿದ್ದೇನೆ.

"ಯಾವ ಶಿಳ್ಳೆ?" ಎಂದೆ.

"ಇದೇ. ಈಗ ಹೊಡೀತಾ ಇದೆಯಲ್ಲ."

ನನಗೆ ಫ್ಯಾನಿನ ಗುರುಗುರು ಕೇಳುತ್ತಿತ್ತು. ಕಾರಿಡಾರಿನಲ್ಲಿ ಗಾಲಿಕುರ್ಚಿ ಉರುಳುವುದು ಕೇಳುತ್ತಿತ್ತು. ಎದ್ದು ಬಾಗಿಲ ಹತ್ತಿರ ಹೋದೆ. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಅಜ್ಜಿಯ ಚೀಲದ ಕಡೆ ತಿರುಗಿದ್ದರು. ಯಾರದೋ ತೋಳಿನಲ್ಲಿದ್ದ ಕೈಗೂಸೂ ಕತ್ತು ತಿರುಗಿಸಿ ಚೀಲವನ್ನೇ ನೋಡುತ್ತಿತ್ತು. ಚೀಟಿ ಕೊಡುವವನು, "ಅಜ್ಜೀ, ನಿಮ್ಮ ಚೀಲದಲ್ಲಿ ಏನೋ ಕೂಗ್ತಿದೆ," ಎಂದ.

ನನಗೆ ಮಾತ್ರ ಏನೂ ಇಲ್ಲ.

ಅಜ್ಜಿಯ ಕೈಯಿಂದ ಚೀಲ ಇಸಿದುಕೊಂಡು ಕಿವಿಗೊತ್ತಿ ಹಿಡಿದೆ. ಆಗ, ಎಲ್ಲೋ ದೂರದಲ್ಲಿ ಸೊಳ್ಳೆ ಹಾರಿದಷ್ಟು, ಒಂದೆಳೆ ಕೇಳಿತು.

"ಅಜ್ಜಿ, ಇದು ನಿಂತು ನಿಜವಾಗ್ಲೂ ತಿಂಗಳಾಯ್ತಾ?"

"ಆಯ್ತಲ್ಲ ತಾಯಿ. ಪೌಡರ್ ಶುರು ಮಾಡಿದ ಮೇಲೆ. ಪರವಾಗಿಲ್ಲ, ಮಿಷನ್ನೂ ಬುದ್ಧಿ ಕಲೀತು ಅಂದ್ಕೊಂಡೆ."

ತಿಂಗಳು ಎಂದರೆ ಪರೀಕ್ಷೆಗೂ ಮೂರು ವಾರ ಮೊದಲು. ಪರೀಕ್ಷೆಯ ದಿನವೂ ಆ ತೂತುಗಳು ಮುಚ್ಚಿದ್ದವು. ದಪ್ಪ ಸದ್ದು ಹೇಗೋ ನುಸುಳಿಕೊಂಡು ಹೋಗುತ್ತಿತ್ತು, ತೆಳ್ಳನೆಯದು ಪುಡಿಯಲ್ಲೇ ಸಿಕ್ಕಿಕೊಂಡಿತ್ತು. ನಾನು ಅದನ್ನು ಕಿವಿಗಿಟ್ಟು "ಸ್" ಎಂದು ನನ್ನ ಬಾಯಲ್ಲೇ ಹೇಳಿ, ಹೇಳಿದ್ದು ಗೊತ್ತಿದ್ದರಿಂದ ಕೇಳಿಸಿತೆಂದೇ ನಂಬಿ, ಸರಿಯಿದೆ ಎಂದಿದ್ದೆ.

ಅಜ್ಜಿಯನ್ನು ಕಳಿಸಿ ಬಾಗಿಲು ಹಾಕಿಕೊಂಡೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಪರೀಕ್ಷೆ ಮಾಡುವ ಸದ್ದಿಲ್ಲದ ಕೋಣೆಯಲ್ಲಿ ರೋಗಿಯ ಕುರ್ಚಿಯ ಮೇಲೆ ಕೂತು, ಹೆಡ್‌ಫೋನ್ ನನ್ನ ತಲೆಗೆ ಹಾಕಿಕೊಂಡೆ. ನಾನೇ ಸದ್ದು ಕೊಟ್ಟು ನಾನೇ ಕೇಳಿದೆ. ದಪ್ಪ ಸದ್ದಿನಿಂದ ನಡುವಿನವರೆಗೆ ಗೆರೆ ನೆಟ್ಟಗೆ ಬಂತು. ಅಲ್ಲಿಂದ ಮುಂದೆ ಮೆಟ್ಟಿಲು ತಪ್ಪಿದವರಂತೆ ಕೆಳಗೆ ಬಿತ್ತು. ಇಂಥ ಚಿತ್ರವನ್ನು ಬೇರೆಯವರ ಕೈಗೆ ಎಷ್ಟು ಸಲ ಕೊಟ್ಟಿಲ್ಲ! "ವಯಸ್ಸಾಯ್ತು, ಇನ್ನೇನು, ಒಪ್ಕೋಬೇಕಪ್ಪ," ಎಂದು ಎಷ್ಟು ಸಲೀಸಾಗಿ ಹೇಳಿಲ್ಲ!

ಸಂಜೆ ಅಡಿಗೆಮನೆಯಲ್ಲಿ ನಮ್ಮನೆಯವರನ್ನು ಕೇಳಿದೆ. "ನನಗೆ ಕಿವಿ ಕಮ್ಮಿಯಾಗಿದೆ ಅಂತ ನಿಮಗೆ ಯಾವಾಗಿಂದ ಗೊತ್ತು?"

"ಮೂರು ವರ್ಷ ಆಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ," ಎಂದರು ಅವರು, ಪಾತ್ರೆ ಒರೆಸುತ್ತ. "ನಿನಗೆ ಕೇಳಿಸ್ಲಿಲ್ಲ."

ಬೇರೆ ದಿನವಾಗಿದ್ದರೆ ಲಟ್ಟಣಿಗೆ ಎತ್ತುತ್ತಿದ್ದೆ. ಅವತ್ತು ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ಅವರು ಒದ್ದೆ ಕೈಯಲ್ಲೇ ನನ್ನ ಬೆನ್ನು ಸವರಿದರು.

ಬೆಳಗ್ಗೆ ಹೋದವಳೇ ಡಾಕ್ಟರ ಕೋಣೆಗೆ ನುಗ್ಗಿದೆ. "ಗುಂಡಿಯ ರಿಪೋರ್ಟು ತಪ್ಪು. ಮಿಷನ್ ಕಟ್ಟಿಕೊಂಡಿತ್ತು, ನನಗೆ ಗೊತ್ತಾಗಲಿಲ್ಲ. ಯಾಕಂದ್ರೆ ನನಗೆ ಕೇಳ್ಸಲ್ಲ," ಎಂದು ನನ್ನ ಕಿವಿಯ ಚಿತ್ರವನ್ನು ಅವರ ಮುಂದಿಟ್ಟೆ.

ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಚಿತ್ರ ನೋಡಿ, ಎದ್ದು ಬಾಗಿಲು ಮುಚ್ಚಿದರು. "ಮೇಡಂ, ಪರೀಕ್ಷೆ ಇನ್ನೊಂದು ಸಲ ಮಾಡಿ. 'ಮರುಪರೀಕ್ಷೆ' ಅಂತ ಬರೆದ್ರೆ ಸಾಕು. ಕಾರಣ ಯಾಕೆ? ನಿವೃತ್ತಿಗೆ ಎರಡು ವರ್ಷ ಇದೆ ನಿಮಗೆ."

ಸುಳ್ಳೇಕೆ ಹೇಳಲಿ, ಆಸೆಯಾಯಿತು. ಆ ಮಾತಿನಲ್ಲಿ ನನ್ನ ಮೇಲೆ ಅವರಿಗಿದ್ದ ಪ್ರೀತಿಯೂ ಇತ್ತು. ಆದರೆ ಪೆಟ್ಟಿಗೆ ಇಲ್ಲದ ಆರು ವಾರಗಳಲ್ಲಿ ನಾನು ಇದೇ ಕಿವಿಯಲ್ಲಿ ಕೇಳಿ "ಸರಿಯಿದೆ" ಎಂದ ಮಕ್ಕಳು ಇನ್ನೂ ಹತ್ತು ಇದ್ದವು. ಕಾರಣ ಬರೆಯದೆ ಅವರನ್ನೆಲ್ಲ ಹೇಗೆ ವಾಪಸು ಕರೆಸುವುದು? ಬರೆದೆ. ಕೆಳಗೆ ಆ ಹತ್ತು ಮಕ್ಕಳ ಹೆಸರನ್ನೂ ಬರೆದೆ.

ಟೈಲರಮ್ಮನಿಗೆ ಫೋನಿನಲ್ಲಿ ಹೇಳುವ ವಿಷಯವಲ್ಲ ಅದು. ಅವತ್ತೇ ಅಂಗಡಿ ಹುಡುಕಿಕೊಂಡು ಹೋದೆ. ಬೀಗದ ರಿಪೇರಿಯ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಎರಡಾಳು ನಿಂತರೆ ತುಂಬಿಹೋಗುವ ಕೋಣೆ. ಗೋಡೆಯ ಮೊಳೆಗಳಲ್ಲಿ ತೋಳಿಲ್ಲದ ಅಂಗಿಗಳು ನೇತಾಡುತ್ತಿದ್ದವು. ನೆಲದ ಮೇಲೆ ಬಟ್ಟೆಚೂರುಗಳ ಗುಡ್ಡೆಯಲ್ಲಿ ಗುಂಡಿ ಕೂತಿದ್ದಳು. ಅಮ್ಮ ತಲೆಯೆತ್ತದೆ ಹೊಲಿಯುತ್ತಿದ್ದಳು. ಹೊಲಿಗೆಯ ಸದ್ದು ಬಿಟ್ಟರೆ ಅಲ್ಲಿ ಮಾತಿರಲಿಲ್ಲ. ಅಜ್ಜಿ ಮೂಲೆಯ ಸ್ಟೂಲಿನಲ್ಲಿ ಕಾಜಾ ಹಾಕುತ್ತಿದ್ದರು.

ನಿಂತುಕೊಂಡೇ ಎಲ್ಲ ಹೇಳಿದೆ. ಪೌಡರು, ತೂತು, ಶಿಳ್ಳೆ, ನನ್ನ ಕಿವಿ.

ಪೌಡರಿನ ಮಾತು ಬಂದಾಗ ಅಜ್ಜಿ ಕೈಲಿದ್ದ ಅಂಗಿ ಕೆಳಗೆ ಹಾಕಿ, "ಅಯ್ಯೋ, ಈ ಹಾಳು ಕೈಯಿಂದ ನಾನೇ..." ಎಂದು ಬಾಯಿ ಮುಚ್ಚಿಕೊಂಡರು.

"ನಿಮ್ಮ ತಪ್ಪಲ್ಲ ಅಜ್ಜಿ. ಪೌಡರ್ ಯಾರು ಬೇಕಾದ್ರೂ ಹಾಕ್ತಾರೆ. ಅದನ್ನ ಕಂಡು ಹಿಡಿಯೋದು ನನ್ನ ಕೆಲಸ ಆಗಿತ್ತು," ಎಂದೆ.

ಟೈಲರಮ್ಮ ಹೊಲಿಗೆ ನಿಲ್ಲಿಸಿದಳು. ಅವಳ ಸಿಟ್ಟನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನಂತೆ ಕೂಗಲಿಲ್ಲ. ಬಾಗಿಲ ಬೆಳಕಿಗೆ ಎದುರಾಗಿ ಕೂತಿದ್ದಳು, ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದೊಂದೇ ಮಾತನ್ನು ಅಳತೆ ಮಾಡಿದಂತೆ ಹೇಳಿದಳು.

"ನನ್ನ ಕತ್ತರಿ ತಪ್ಪಿದ್ರೆ ಒಂದು ಬಟ್ಟೆ ಹಾಳಾಗತ್ತೆ ಮೇಡಂ. ಬೇರೆ ತಂದು ಹೊಲಿದು ಕೊಡ್ತೀನಿ. ನೀವು ತಪ್ಪಿದ್ರೆ? ಇನ್ನು ಎರಡು ವಾರಕ್ಕೆ ಇವಳ ತಲೆ ಕೊಯ್ತಿದ್ರು."

"ಹೌದು."

"ನಾನು ಎಂಟು ದಿನ ಆಯ್ತು ಇವಳ ಜೊತೆ ಮಾತಾಡಿ. ದಿನಾ ಬಂದು ಮೊಣಕಾಲು ತಟ್ಟಿದ್ಲು. ನಾನು ಮಾತಾಡ್ಲಿಲ್ಲ. ಆ ಎಂಟು ದಿನ ಯಾರು ವಾಪಸ್ ಕೊಡ್ತಾರೆ?"

ತಪ್ಪಾಯಿತು ಎಂದೆ. ಬಾಯಿ ಬಜಾರಿಯಾದ ನಾನು ಅದೊಂದು ಮಾತನ್ನು ಎರಡು ಸಲ ಹೇಳಿ, ಮೂರನೆಯ ಸಲ ಹೇಳಲಾಗದೆ ನಿಂತೆ. ಅಜ್ಜಿ ಎದ್ದು ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು.

"ಮರುಪರೀಕ್ಷೇಲಿ ಅಲೆ ಬಂದೇ ಬರತ್ತಾ?" ಎಂದಳು ಟೈಲರಮ್ಮ ಕೊನೆಗೆ.

"ಗೊತ್ತಿಲ್ಲ. ಬಾರದೆಯೂ ಇರಬಹುದು. ಆಗ ಆಪರೇಷನ್ನೇ ಸರಿ. ಆದರೆ ಈ ಸಲ ನಿಜ ಗೊತ್ತಾಗತ್ತೆ."

"ಸರಿ. ನಾಳೆ ಬರ್ತೀನಿ. ಮಿಷನ್ ಸರಿಯಿದೆಯಾ ಅಂತ ನಾನೇ ಕೇಳ್ತೀನಿ. ನೀವಲ್ಲ."

ಬಂದರು. ಸಾಧನ ಸಿಕ್ಕಿಸಿದ ಆ ಸ್ಟೆತಾಸ್ಕೋಪಿನಂಥ ಕೊಳವೆಯನ್ನು ಟೈಲರಮ್ಮನ ಕೈಗೆ ಕೊಟ್ಟೆ. ಕಿವಿಗಿಟ್ಟುಕೊಂಡು, ಸಾಧನದ ಮುಂದೆ ಮೆಲ್ಲಗೆ "ಸ್" ಎಂದಳು. ಮತ್ತೆ ಅಂದಳು. ಅದು ಸಾಲದು ಎನಿಸಿ ಚೀಲದಿಂದ ಕತ್ತರಿ ತೆಗೆದು, ಅದರ ಪಕ್ಕ ಗಾಳಿಯಲ್ಲೇ ಕಚಕಚ ಕತ್ತರಿಸಿ ಕೇಳಿದಳು. ಎಂಥ ಜಾಣೆ! ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಪರೀಕ್ಷೆ ಅದು. "ಕತ್ತರಿ ಅಂಚು ಉಜ್ಜೋದೂ ಕೇಳತ್ತೆ," ಎಂದು ತಲೆಯಾಡಿಸಿದಳು.

ಗುಂಡಿಗೆ ಅವತ್ತು ವೈರು ಬೇಡವಾಗಿತ್ತು. ನೆತ್ತಿಯದನ್ನು ಎರಡು ಸಲ ಕಿತ್ತು ಬಾಯಿಗಿಟ್ಟುಕೊಂಡಳು. ಅಜ್ಜಿ ನೆಲದ ಮೇಲೆ ಕೂತು, ಬಣ್ಣದ ಅಂಗಿಗುಂಡಿಗಳನ್ನು ಪೋಣಿಸಿದ ದಾರವನ್ನು ಸದ್ದಾಗದಂತೆ ತೂಗಾಡಿಸಿದರು. ಕೂಸಿನ ಕಣ್ಣು ಅತ್ತಿತ್ತ ಓಲಾಡುತ್ತ ಸುಮ್ಮನಾಯಿತು. ಡಾಕ್ಟರು ತಾವಾಗಿಯೇ ಬಂದು ನನ್ನ ಹಿಂದೆ ನಿಂತರು.

"ಮ್" ಬಂತು, ಅಲೆ ಎದ್ದಿತು. ಅದು ಮೊದಲೂ ಇತ್ತು. "ಗ್" ಬಂತು, ಈ ಸಲ ಅನುಮಾನವಿಲ್ಲದ ಅಲೆ. ಆಮೇಲೆ "ಸ್" ಒತ್ತಿದೆ.

ನನ್ನ ಪಾಲಿಗೆ ಕೋಣೆ ನಿಶ್ಶಬ್ದವಾಯಿತು. ಸ್ಪೀಕರ್ ಕೆಟ್ಟಿದೆಯೇನೋ ಎನ್ನುವಷ್ಟು ನಿಶ್ಶಬ್ದ. ಪರದೆಯ ಮೂಲೆಯಲ್ಲಿ ಎಣಿಕೆ ಮಾತ್ರ ಏರುತ್ತಿತ್ತು. ಹತ್ತು, ಇಪ್ಪತ್ತು. ಗೆರೆ ಅಂಕುಡೊಂಕಾಗಿ ಕುಣಿಯುತ್ತಿತ್ತು. ನಲವತ್ತರಲ್ಲಿ ಏನೂ ಇಲ್ಲ. ಅರವತ್ತರಲ್ಲಿ ಗದ್ದಲ ಸ್ವಲ್ಪ ಇಳಿಯಿತು. ನನ್ನ ಬೆರಳು ಮೇಜಿನಂಚನ್ನು ಹಿಡಿದುಕೊಂಡಿದ್ದು ನನಗೇ ಗೊತ್ತಿರಲಿಲ್ಲ. ಎಂಬತ್ತು. ನೂರು. ಬಾರೇ, ನನ್ನವ್ವ, ಬಾರೇ, ಎಂದು ಒಳಗೊಳಗೇ ಬೇಡಿಕೊಂಡೆ. ನೂರಹತ್ತಕ್ಕೆ ಗೆರೆಯ ಎಡಭಾಗದಲ್ಲಿ ಏನೋ ಉಬ್ಬಿತು. ನಿಂತಿತು. ನೂರಿಪ್ಪತ್ತು, ನೂರೈವತ್ತು, ಅಳಿಸಲಿಲ್ಲ. ಮತ್ತೊಮ್ಮೆ ಮೊದಲಿಂದ ಮಾಡಿದೆ, ಅದೇ ಜಾಗದಲ್ಲಿ ಅದೇ ಉಬ್ಬು. ಇನ್ನೊಂದು ಕಿವಿಗೂ ಮಾಡಿದೆ. ಅಲ್ಲೂ ಬಂತು.

ನನಗೆ ಕೇಳದ ಸದ್ದು ಆ ಕೂಸಿನ ಮಿದುಳಿಗೆ ಮುಟ್ಟುತ್ತಿತ್ತು.

"ಇದೆ," ಎಂದೆ. ಟೈಲರಮ್ಮನ ಕಡೆ ತಿರುಗಿ ಮತ್ತೆ ಹೇಳಿದೆ. "ಇದೆ. ತೆಳ್ಳಗಿನದೂ ಮುಟ್ಟತ್ತೆ. ಪೌಡರ್ ಕಟ್ಟಿದ್ದ ಆ ತಿಂಗಳೊಂದು ಬಿಟ್ರೆ, ನೀವು ಮಾತಾಡಿದ್ದೆಲ್ಲ ಮುಟ್ಟಿರ್ಬೇಕು."

ಡಾಕ್ಟರು ಆಪರೇಷನ್ ಚೀಟಿಯ ಮೇಲೆ ಗೀಟು ಎಳೆದರು. ಮಾತು ತಡವಾದರೂ ಬರುತ್ತದೆ, ಮಿಷನ್ನಲ್ಲೇ ಮುಂದುವರಿಸಿ, ಆರು ತಿಂಗಳಿಗೆ ಮತ್ತೆ ನೋಡೋಣ ಎಂದರು. ಹೋಗುವಾಗ ನನ್ನ ಕಡೆ ತಿರುಗಿ, ತುಟಿ ಚೆನ್ನಾಗಿ ಕಾಣುವ ಹಾಗೆ ಹೇಳಿದರು. "ಮೇಡಂ, ನಿಮ್ಮ ಕಿವಿಯಚ್ಚಿನ ಅಳತೆ ಯಾವತ್ತು ತಗೋಳೋಣ?" ನೋಡಿ, ಬುದ್ಧಿ ಹೇಳಿಸಿಕೊಳ್ಳುವ ಸರದಿ ನನ್ನದಾಗಿತ್ತು. ನಾಳೆ ಎಂದೆ.

ಟೈಲರಮ್ಮ ಅಳುತ್ತಾಳೆ, ಇಲ್ಲವೇ ನನಗೆ ಇನ್ನೆರಡು ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ವೈರು ಬಿಡಿಸಿದ ಮೇಲೆ ಗುಂಡಿ ತೊಡೆಯಿಂದಿಳಿದು, ಅಮ್ಮನಿಗೆ ಬೆನ್ನು ಹಾಕಿ, ಅಜ್ಜಿಯ ಗುಂಡಿಸರದ ಹಿಂದೆ ಹೋಗಿದ್ದಳು. ಟೈಲರಮ್ಮ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು. ಒಂಬತ್ತು ದಿನ ಹೊಲಿದಿಟ್ಟ ತುಟಿ ಬಿಚ್ಚಿಕೊಂಡವು. ಏನೋ ಹೇಳಿದಳು. ತುಟಿ ಅಲುಗಿದ್ದಷ್ಟೇ ನನಗೆ ಕಂಡದ್ದು.

ಗುಂಡಿಯ ಕೈಲಿದ್ದ ಸರ ಜಾರಿತು. ಗಿರಕ್ಕನೆ ತಿರುಗಿ ಅಮ್ಮನನ್ನು ನೋಡಿದಳು. ಓಡಿ ಬಂದು ಮೊಣಕಾಲು ತಬ್ಬಿದಳು. ಅಜ್ಜಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

"ಏನಂದ್ರಿ?" ಎಂದು ಕೇಳಿದೆ. ಎಷ್ಟೋ ವರ್ಷಗಳ ಮೇಲೆ ಸಿಟ್ಟಿಲ್ಲದೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಟೈಲರಮ್ಮ ಮಗಳನ್ನು ಎತ್ತಿಕೊಂಡು, ಅವಳ ಕೂದಲಲ್ಲಿ ಮೆತ್ತಿದ್ದ ಅಂಟನ್ನು ಒರೆಸುತ್ತ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ನಗು ಕಂಡೆ.

"ನಿಮಗಲ್ಲ ಮೇಡಂ," ಎಂದಳು, ನನಗೆ ಕೇಳುವಷ್ಟು ಗಟ್ಟಿಯಾಗಿ. "ಅವಳಿಗೆ."